ತಗ್ಗು ನಾಲ್ಕು

ಅಳತಿ ಪುಸ್ತಕದಾಗ ಮನಿ ನಂಬರ ಇನ್ನೂರಾ ಹದಿನೇಳು.
ನನ್ನ ಅಕ್ಷರನ. ಕಾರ್ಬನ್ ಪ್ರತಿ, ಅಲ್ಲಲ್ಲಿ ಅಳಕೇತಿ.
ಉದ್ದ ಐವತ್ತಡಿ, ಅಗಲ ಮೂವತ್ತೆರಡು,
ಗ್ವಾಡಿ ಕಲ್ಲು-ಮಣ್ಣಿಂದು, ಮ್ಯಾಲ ಮಣ್ಣಿನ ಮಾಳಗಿ,
ಬೇವಿನ ತೊಲಿ ಆರು, ಕಂಬ ಎಂಟು.
ಕಡೀ ಸಾಲಿನಾಗ: ತಗ್ಗು ನಾಲ್ಕು.
ಬೆಲೆ ಅನ್ನೂ ಜಾಗಾದಾಗ ಒಂದು ಅಡ್ಡ ಗೆರಿ.

ಅವತ್ತ ಸಾಹೇಬರು ಜೀಪಿನಾಗ ಕುಂತು ಹಾರ್ನ್ ಬಾರಸಾಕತ್ತಿದ್ರು.
ಇನ್ನೂ ಹನ್ನೊಂದು ಮನಿ ಉಳದಿದ್ವು, ಬಿಸಲು ಏರಿತ್ತು.
ಟೇಪಿನ ಆಕಡಿ ತುದಿ ಹಿಡದಾಕಿ ಖಾಸಿಂಬಿ ರಂಗರೇಜ,
ಮೊಣಕೈ ತನಕ ನೀಲಿ.
"ಅವು ತಗ್ಗಲ್ರಿ, ಬಣ್ಣದ ಬಾನಿ" ಅಂದ್ಲು.
ನಾ ಬರದಾಗಿತ್ತು.

ಈಗ ಹಳೇ ಬಾಗಲಕೋಟಿಯ ಆ ಓಣಿ ನೀರಾಗ ಐತಿ.
ನಾ ನವನಗರದಾಗ, ಪಿಂಚಣಿ ಮ್ಯಾಲ,
ಒಂದಕ್ಕ ಐವತ್ತರಂಗ ಆ ಮನಿ ತಿರಗಿ ಕಟ್ಟಾಕತ್ತೇನಿ.
ಐವತ್ತಡಿ ಅಂದ್ರ ಒಂದಡಿ. ಲೆಕ್ಕ ಹಗರ.
ಕೈ ನಡಗತಾವ, ಅದು ಬ್ಯಾರೆ ಮಾತು.

ದಿನಾ ಹಚ್ಚಿ ಉಳದ ಊದಿನಕಡ್ಡಿ ಕಾಲು ಜಂತಿ ಆದ್ವು.
ಗ್ವಾಡಿಗೆ ಕೆಂಪ ಕಲ್ಲಿನ ಚೂರು,
ಮರದಾಗ ಹಾಕಿ ಆರಸ್ತೇನಿ, ಕಣ್ಣಿಗೆ ಭೂತಗನ್ನಡಿ ಕಟಗೊಂಡು.
"ಮಂದಿ ಕಲ್ಲ ಚೆಲ್ಲಿ ಜ್ವಾಳ ಉಳಸ್ತಾರ,
ನಿಮ್ದು ಎಲ್ಲಾ ಉಲ್ಟಾ" ಅಂತಾಳ ರಾಜಮತಿ.
ಮಾಳಗಿ ಮಣ್ಣು ಬ್ಯಾಸಗ್ಯಾಗ ನೀರು ಸರದಾಗ ದಂಡಿಯಿಂದ ತಂದದ್ದು,
ಚಾ ಸೋಸೂ ಜಾಳಗಿಯಾಗ ಸೋಸಿದ್ದು.
ಯಾರ ಮಾಳಗಿದೋ ಏನೋ.

ಬೆಳಕಿಂಡಿ ಕೊರದೆ.
ಶೇಂಗಾ ಕಾಳಿನಷ್ಟ ಬಿಸಲು ಒಳಗ ಬಿದ್ದು
ಸಂಜೀತನಕ ಒಂದು ಕಂಬದಿಂದ ಇನ್ನೊಂದಕ್ಕ ನಡೀತು.
ಅದನ್ನ ಐವತ್ತರಿಂದ ಭಾಗಸೂದು ನನಗ ಬಂದಿಲ್ಲ.

ಬಾನಿಗೆ ಬಂದು ನಿಂತೆ.
ಆಳ ಎಷ್ಟು, ಪುಸ್ತಕದಾಗ ಇಲ್ಲ.
ತಗ್ಗಿಗೆ ಯಾರು ಆಳ ಬರೀತಾರ?

ಸೆಕ್ಟರ್ ಹುಡಕೊಂತ ಹೋದೆ.
ಖಾಸಿಂಬಿ ನನ್ನ ಗುರ್ತು ಹಿಡೀಲಿಲ್ಲ, ಟೇಪನ್ನ ಹಿಡದ್ಲು.
"ಇಳದು ತೊಳಿಬೇಕಾದ್ರ ದಂಡಿ ಇಲ್ಲೀತನಕ ಬರತಿತ್ತು"
ಅಂತ ಎದಿ ಮ್ಯಾಲ ಅಂಗೈ ಅಡ್ಡ ಇಟ್ಲು.
ರಬ್ಬರ್ ಚಪ್ಪಲಿಯಿಂದ ಅಂಗೈತನಕ ಅಳದೆ: ನಾಕಡಿ.
ಬೆರಳು ಈಗ ಎಲ್ಲಾರ ಬೆರಳಿನಂಗ.

ನಾಕಡಿ ಅಂದ್ರ ಇಂಚಿಗೆ ಕೂದಲೆಳಿ ಕಮ್ಮಿ.
ಮನಿ ನಿಂತ ಹಲಗಿ ಬರೇ ಅರ್ಧ ಇಂಚು.
ಹಲಗಿ ಕೆಳಗ ನನ್ನ ಟೇಬಲ್ಲು,
ಆಫೀಸಿನ ಲಿಲಾವಿನಾಗ ಕೊಂಡ ಸಾಗವಾನಿ.
ಇದರ ಮ್ಯಾಲನ ಕುಂತು ಶುದ್ಧ ಪ್ರತಿ ತಗದದ್ದು,
ಅಡ್ಡ ಗೆರಿ ಸಮೇತ.

ಹಲಗಿ ಎತ್ತರಸಬಹುದಿತ್ತು, ನಾಕು ಮೂಲಿಗೆ ನಾಕು ಕಟಗಿ.
ಎತ್ತರಸಲಿಲ್ಲ.
ಭೈರಗಿ ಹಚ್ಚಿ ಹಲಗಿ ದಾಟಿ ಟೇಬಲ್ಲಿಗೆ ಇಳದೆ.
ಒಂದು. ಎರಡು.
ರಾಜಮತಿ ಬಾಗಲದಾಗ ನಿಂತು ನೋಡಿದ್ಲು, ಏನೂ ಅನಲಿಲ್ಲ.
ನಾಕು ಸುತ್ತ ಹೊಟ್ಟು, ಹಳೇ ಎಣ್ಣಿ ವಾಸನಿ.
ಅಂಟಿನಾಗ ಅರಿವಿಗೆ ಹಾಕೂ ನೀಲಿ ಕಲಸಿ ತುಂಬಿಸಿದೆ.
ಹತ್ತರ ಕಂಬಕ್ಕ, ಕೈ ಒರಸೂ ಎತ್ತರಕ್ಕ,
ಕಡ್ಡಿ ತುದಿಲೆ ಒಂದು ನೀಲಿ ಕಲಿ.

ಹೋದ ಐತವಾರ ಆಟೋದಾಗ ಬಂದ್ಲು,
ಆಪರೇಶನ್ನಿನ ಕರೇ ಚಸ್ಮಾ ಹಾಕ್ಕೊಂಡು.
ಮಾಳಗಿ ಎತ್ತಿ ಬಾಜೂಕ ಇಟ್ಟೆ.
ಚಸ್ಮಾ ತಗದು ಬಗ್ಗಿ ನೋಡಿದ್ಲು, ಭಾಳ ಹೊತ್ತು.
ಕಿರಿಬೆರಳು ಬಾನಿಯಾಗ ಇಳಿಸಿದ್ಲು. ಉಗುರಷ್ಟ ಹೋತು.
ಹೊರಗ ತಗದಾಗ ಉಗುರ ತುದಿ ನೀಲಿ:
ಅಂಟು ಇನ್ನೂ ಹಸೀ ಇತ್ತು.

"ಮುಚ್ಚಳ ಎಲ್ಲಿ?" ಅಂದ್ಲು.
"ಯಾವ ಮುಚ್ಚಳರಿ?"
"ಕೂಸುಗೋಳು ಬೀಳತಾವ. ರಾತ್ರಿ ಮುಚ್ಚೇ ಮಲಗತಿದ್ವಿ."

ಚಾ ಕುಡದು ಹೋದ್ಲು.
ಚೊಲೊ ಆಗೇತಿ ಅನಲಿಲ್ಲ, ಹಳೇದೂ ತಗೀಲಿಲ್ಲ.
ತಗದಿದ್ರ ಏನರೆ ಹೇಳತಿದ್ದೆ.

ಐಸ್ ಕಡ್ಡಿ ಕೂಡಿಸಿ ಮುಚ್ಚಳ ಕೊರ್ಯಾಕತ್ತೇನಿ,
ಹಿಡಿಕಿ ಸಮೇತ, ಪೈಸಾದಷ್ಟು.
ಮೂರು ಕುಂತಾವ.
ನಾಕನೇದು ಕೂಡವಲ್ದು, ದಂಡಿ ಸೊಟ್ಟ ಆಗೇತಿ.
ಹನ್ನೊಂದು ಹೊಡೀತು. ನಾಳೆ ನೋಡಿದ್ರಾತು.

ಒಂದು ಬಾನಿ ತೆರದ ಐತಿ.
ಟೇಬಲ್ ಮ್ಯಾಲಿನ ದೀಪ ಹಂಗ ಬಿಟ್ಟು ಮಲಗೇನಿ.