ಎಡಮಗ್ಗುಲು

ಜೀನ್ಸ್ ತೊಳೆಯುವ ಯೂನಿಟ್ಟಿನ ಮೇಲಿನ ಖೋಲಿ,
ಎರಡನೇ ಐತವಾರ. ಕೆಳಗೆ ನೀಲಿ ನೀರು ಗಟಾರಕ್ಕೆ ಹರಿಯುವ ಸದ್ದು,
ಮೇಲೆ ನಾವು ಹದಿನಾಲ್ಕು ಮಂದಿ, ಒಂದು ಫಾರಮ್ಮು, ಎರಡು ಪೆನ್ನು.
ಒಂದು ಬರೆಯೋದಿಲ್ಲ.

ಹೊಸ ಗುಳಿಗೆಯನ್ನು ಸರ್ಕಾರಿ ಪಟ್ಟಿಗೆ ಸೇರಿಸಬೇಕೋ ಬೇಡವೋ
ಎಂದು ಕೂತು ತೂಗುವ ಸಮಿತಿ
ಈ ಸಲ ನಮ್ಮನ್ನೂ ಕೇಳಿದೆ:
ರೋಗಿಗಳ ಅನುಭವ. ಇನ್ನೂರು ಪದ ಮೀರಬಾರದು.

ಬರೆಯುವವ ನಾನು. ಜಿಪ್ಪು ಹೊಲಿಯುವ ಕೈ,
ಅಕ್ಷರ ಗುಂಡಗಿರುತ್ತವೆ ಎಂದು ಹಚ್ಚಿದ್ದಾರೆ.
ಇಪ್ಪತ್ತೊಂಬತ್ತು ವರ್ಷ, ಮೂರು ವಾರಕ್ಕೊಮ್ಮೆ,
ಬಳ್ಳಾರಿ ಮಂದಿಯ ರಕ್ತ ಹಾಕಿಸಿಕೊಂಡು ಬದುಕಿದವ.
ಕೊಟ್ಟವರು ಮರೆತು ಮನೆಗೆ ಹೋಗುತ್ತಾರೆ.
ರಕ್ತದ ಹಿಂದೆ ಬಂದ ಕಬ್ಬಿಣ ಹೋಗುವುದಿಲ್ಲ,
ಲಿವರಿನಲ್ಲಿ, ಎದೆಗೂಡಿನಲ್ಲಿ ಬಿಡಾರ ಹೂಡುತ್ತದೆ.
ಸಂಡೂರು ಗುಡ್ಡದ್ದಾದರೆ ಹೊರಲು ಲಾರಿ ಬರುತ್ತವೆ, ರೈಲು ಬರುತ್ತದೆ.
ನಮ್ಮದಕ್ಕೆ ಹೊಟ್ಟೆಯ ತೊಗಲಿಗೊಂದು ಸೂಜಿ, ಅಂಗೈಯಗಲ ಪಂಪು,
ರಾತ್ರಿ ಹತ್ತರಿಂದ ಬೆಳಗಿನ ಆರು.

ಮೊದಲ ಪ್ರಶ್ನೆ: ಜೀವನದ ಗುಣಮಟ್ಟದ ಮೇಲೆ ಆಗಿರುವ ಪರಿಣಾಮ.
ಯಾರೂ ತುಟಿ ತೆರೆಯಲಿಲ್ಲ.
ಖಾಜಾಬಿ ಕೇಳಿದಳು: "ಗುಣಮಟ್ಟ ಅಂದ್ರ,
ರೇಷನ್ ಅಕ್ಕಿಗೆ ಅಂತಾರಲ್ಲ, ಅದಾ?"
ಹೂಂ ಅಂದೆ. ಬೇರೆ ಹೇಳಲು ಬರಲಿಲ್ಲ.

"ನನ್ ಮಗಗ ಹನ್ನೊಂದು. ಸೂಜಿ ಎಡಕ್ಕ ಹಾಕಿದ ರಾತ್ರಿ
ಎಡಮಗ್ಗುಲಾಗಂಗಿಲ್ಲ. ಹೊಳ್ಳಿಬಿಟ್ಟಾನಂತ
ಅವನ ಭುಜದ ಮ್ಯಾಲೆ ಕೈ ಇಟ್ಕಂಡೇ ಮಲಗತೀನಿ.
ಗುಳಿಗಿ ನುಂಗಿದ ಆ ಮೂರು ತಿಂಗಳು
ಬೋರಲು ಬಿದ್ದು ಮಲಗ್ತಿದ್ದ, ಕಪ್ಪಿಯಂಗ.
ನನಗೇ ನಿದ್ದಿ ಬರಲಿಲ್ಲ. ನೋಡಿಕೋತ ಕುಂತಿದ್ದೆ."

ನಿದ್ರೆಯಲ್ಲಿ ಸುಧಾರಣೆ, ಎಂದು ಬರೆದೆ.
ಹೊಡೆದು ಹಾಕಿದೆ.
ಅವಳ ಮಾತನ್ನೇ ಇಳಿಸಿದೆ, ಕಪ್ಪೆಯನ್ನೂ ಬಿಡದೆ.

ಕಂಪನಿಯ ಹುಡುಗ ತಯಾರಿ ಪತ್ರ ತಂದುಕೊಟ್ಟಿದ್ದ,
ಸಹಿ ಅಷ್ಟೇ ಹಾಕಿ ಅಂತ. ಚಲೋ ಕನ್ನಡ.
ಅದರೊಳಗೆ ಒಬ್ಬರೂ ವಾಂತಿ ಮಾಡಿಕೊಂಡಿರಲಿಲ್ಲ.
ಈಗ ಅದು ಮಡಚಿಕೊಂಡು
ಟೇಬಲ್ಲಿನ ಮೋಟು ಕಾಲಿನ ಕೆಳಗಿದೆ.

ಆಗ ಗಾದಿಲಿಂಗ ಎದ್ದ: "ನಂದೂ ಬರಿ.
ಗುಳಿಗಿಯಿಂದ ಕಿಡ್ನಿ ಕುಂತವು. ತಿರುಗಿ ಸೂಜಿಗೇ ಬಂದೀನಿ."
ತಾಯಮ್ಮ ಸಿಡಿದಳು: "ಅದನ್ನ ಬರದ್ರ ಅವ್ರು ಬ್ಯಾಡ ಅಂತಾರ.
ನಮ್ಮ ಹುಡುಗರ ಬಾಯಿಗೆ ಮಣ್ಣು ಹಾಕ್ತಿಯೇನಲೇ?"
"ನಾನೂ ಯಾರೋ ಒಬ್ಬರ ಹುಡುಗನೇ ಅಲ್ಲೇನವ್ವಾ."

ಮೊಳಕೈವರೆಗೆ ನೀಲಿಯಾದ ಪೋರನೊಬ್ಬ ಚಹಾ ತಂದ.
ಜಗಳ ಕುಡಿಯುವಷ್ಟು ಹೊತ್ತು ನಿಂತಿತು.

ಮೂಲೆಯಲ್ಲಿ ಪೊಂಪನಗೌಡ. ಅವರ ಕಡೆಯಿಂದ
ಈಗ ಯಾವ ರೋಗಿಯೂ ಇಲ್ಲ, ಆದರೂ ತಪ್ಪದೆ ಬರುತ್ತಾರೆ.
ಮಗಳು ನಾಗವೇಣಿ, ಹದಿನಾರು,
ಸೂಜಿ ಬೇಸತ್ತು ಪಂಪು ಬಂದ್ ಮಾಡಿ ದಿಂಬಿನಡಿ ಇಡುತ್ತಿದ್ದಳು,
ಬೆಳಿಗ್ಗೆ ಔಷಧಿ ಸಿಂಕಿಗೆ ಸುರಿದು ಖಾಲಿ ಸಿರಿಂಜು ತೋರಿಸುತ್ತಿದ್ದಳು.
"ಖಾಲಿ ಐತಿ, ಶಾಣ್ಯಾ ಅಂತಿದ್ದೆ," ಅಂದರು ಗೌಡರು.
"ಇದು ಎಷ್ಟನೇ ಪ್ರಶ್ನೆಗೆ ಬರ್ತದ?"

ಫಾರಮ್ಮು ತಿರುವಿ ನೋಡಿದೆ.
ಬಿಟ್ಟವರಿಗೆ ಕಾಲಮ್ಮು ಇಲ್ಲ. ಅಂಚಿನಲ್ಲಿ ಬರೆದೆ,
ಜಿಪ್ಪಿನ ಹೊಲಿಗೆಯ ಹಾಗೆ, ಒತ್ತೊತ್ತಿ, ಉದ್ದಕ್ಕೆ.

ಎಣಿಸಿದರೆ ಇನ್ನೂರ ಮೂವತ್ತೊಂದು.
ಗಾದಿಲಿಂಗನನ್ನು ತೆಗೆಯೋಣ ಎಂದು ತಾಯಮ್ಮ ಮತ್ತೆ ಅನ್ನಲಿಲ್ಲ,
ಇರಲಿ ಎಂದೂ ಅನ್ನಲಿಲ್ಲ. ಸೆರಗಿನಿಂದ ಲೋಟದ ತಳ ಒರೆಸುತ್ತಿದ್ದಳು.
ನನ್ನದು ನಾಲ್ಕು ಸಾಲಿತ್ತು. ಅದನ್ನು ಹೊಡೆದೆ.
ಇನ್ನೂ ಎರಡು ಪದ ಹೆಚ್ಚಿದ್ದವು.
ಇದ್ದರೆ ಇರಲಿ, ಅವರೂ ಎಣಿಸಲಿ.

ರಾತ್ರಿ ಹತ್ತು. ಸ್ಪಿರಿಟ್ಟಿನ ತಣ್ಣನೆ ಹತ್ತಿ.
ಇವತ್ತು ಬಲಕ್ಕೆ ಚುಚ್ಚಿಕೊಂಡಿದ್ದೇನೆ.
ಎಡಮಗ್ಗುಲಾಗಬಹುದು.