ಮೂರನೆಯ ಪ್ರತಿ

ನಾಳೆ ಹತ್ತು ಗಂಟೆಗೆ ಬೆಲೆ ಕಟ್ಟುವವರು ಬರುತ್ತಾರೆ, ಇಬ್ಬರು.
ಗಡಿಯಾರ, ಓಕ್ ಮೇಜು, ಚೀನಾ ಬಟ್ಟಲು ಹನ್ನೊಂದು
(ಹನ್ನೆರಡನೆಯದನ್ನು ಒಡೆದವಳು ನಾನೇ),
ಅಮ್ಮನ ಚರ್ಚಿನ ಮೇಲಂಗಿಗೂ ಅಂಕಿ ಹಚ್ಚುತ್ತಾರೆ.
ಹಳೇ ಕಾಗದಕ್ಕೆ ಬೆಲೆಯಿಲ್ಲ ಅಂದರು ವಕೀಲರು.
ಹಾಗಾಗಿ ಈ ಒಂದು ರಾತ್ರಿ
ಕಾಗದವೆಲ್ಲ ನನ್ನದು.

ಅಪ್ಪನ ಪೆಟ್ಟಿಗೆ ತೆರೆದರೆ ಮೊದಲು ಬರುವುದು ಅಕ್ಷರವಲ್ಲ, ವಾಸನೆ:
ಕಾಕಂಬಿ, ಡಾಂಬರು, ಒಣಮೀನು.
ಕಿರ್ದಿ ಒಂಬತ್ತು, ಖತಾವಣಿ ನಾಲ್ಕು,
ಕೆಂಪು ದಾರದ ಹುಂಡಿಗಳ ಕಟ್ಟು.
ಎಲಿಫಲೆಟ್ ಥರ್ಲೋ, ನ್ಯೂಬರಿಪೋರ್ಟ್,
ಎಂದು ಕೊನೆಗೆ ಒಂದು ಬಾಲ ಎಳೆಯುತ್ತಿದ್ದ,
ಬಂದರಿನಿಂದ ಹೊರಡುವ ಹಡಗಿನ ಹಿಂದೆ ನೀರು ಸೀಳಿದ ಹಾಗೆ.

ಹುಂಡಿ ಎಂದರೆ ಮೂರು ಪ್ರತಿ, ಮೂರು ಹಡಗು.
ಸಮುದ್ರವನ್ನು ನಂಬಬಾರದು ಅನ್ನುತ್ತಿದ್ದ ಅಪ್ಪ,
ಬದುಕಿಡೀ ನಂಬಿದ್ದು ಅದೊಂದನ್ನೇ.
"ಎರಡನೆಯದು, ಮೂರನೆಯದು ಸಂದಿರದಿದ್ದರೆ
ಈ ಮೊದಲನೆಯದಕ್ಕೆ ಹಣ ಕೊಡಿ"
ಹದಿಮೂರಕ್ಕೇ ನನಗಿದು ಪ್ರಾರ್ಥನೆಗಿಂತ ಬಾಯಿಪಾಠ.
ಕೆಜಾಯಾಳ ಅಕ್ಷರ ದುಂಡಗೆ ಎಂದು ನಕಲಿಗೆ ಕೂರಿಸುತ್ತಿದ್ದ.
ಕೈ ನನ್ನದು, ಕಣ್ಣು ನನ್ನದು,
ಮೇಣದಬತ್ತಿ ಮಾತ್ರ ಅಂಗಡಿಯ ಖರ್ಚು.

ಏಸಾ ಅಣ್ಣನೂ ಅದನ್ನೇ ಕಲಿತ.
ಸುರಿನಾಮಿನಿಂದ ಮನೆಗೆ ಬರೆದರೂ ಮೂರು ಪ್ರತಿ.
ಅಮ್ಮ ನಗುತ್ತಿದ್ದಳು: ಅಕ್ಕರೆಗೂ ವಿಮೆಯೇನೋ ಮಗನೆ?

ಸಾವಿರದೆಂಟುನೂರ ಮೂರು, ಜೂನ್.
ಮೊದಲು ಬಂದದ್ದು ಕಪ್ತಾನನ ಕಾಗದ.
ಜ್ವರ. ಐದು ದಿನ. ಕಣ್ಣು ಹಳದಿ.
ಪೆಟ್ಟಿಗೆಯ ಹಲಗೆಗೆ ಇಷ್ಟು, ಪಾದ್ರಿಗೆ ಇಷ್ಟು,
ಸಕ್ಕರೆಯ ಲೆಕ್ಕ ಇದರೊಂದಿಗೆ ಲಗತ್ತಿಸಿದೆ.
ಹನ್ನೊಂದು ದಿನ ಕಳೆದು ಲಿಡಿಯಾ ಹಡಗಿನಲ್ಲಿ
ಅಣ್ಣ ತಾನೇ ಬಂದ: ನಾನು ಕ್ಷೇಮ.
ಜುಲೈಯಲ್ಲಿ ಇನ್ನೊಮ್ಮೆ: ನಾನು ಕ್ಷೇಮ.
ಅದೇ ಸಾಲು, ಅದೇ ಶಾಯಿ,
ಅಮ್ಮನಿಗೆ ಉಣ್ಣೆಯ ಕಾಲುಚೀಲ ಬೇಡವೆಂದ ಅದೇ ತಮಾಷೆ.
ಅಮ್ಮ ಆಮೇಲೆ ಟಪಾಲಿನವನು ಕದ ತಟ್ಟಿದರೆ
ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಮೂರನೆಯದು ಬಂದದ್ದು ಅಕ್ಟೋಬರಿನಲ್ಲಿ.
ಆ ಹಡಗು ತಡವಾಗಿ ಹೊರಟಿರಬೇಕು;
ಕೆಳಗೆ ಖಾಲಿ ಉಳಿದ ಜಾಗದಲ್ಲಿ, ಉಳಿದೆರಡರಲ್ಲಿ ಇಲ್ಲದ ಕೆಲವು ಸಾಲು,
ಕೈ ಸ್ವಲ್ಪ ನಡುಗಿದೆ.

"ಅಪ್ಪ, ನಮ್ಮ ಮೂರನೇ ದರ್ಜೆಯ ಮೀನು,
ಮುರಿದದ್ದು, ಕೆಂಪೇರಿದ್ದು, ನಮ್ಮೂರಲ್ಲಿ ನಾಯಿಯೂ ಮೂಸದ್ದು,
ಯಾರ ಹೊಟ್ಟೆಗೆ ಹೋಗುತ್ತದೆಂದು ಇಲ್ಲಿ ಕಂಡೆ.
ತೋಟದಲ್ಲಿ ತೂಗಿ ಕೊಡುತ್ತಾರೆ, ಆಳಿಗೆ ವಾರಕ್ಕೆ ಇಷ್ಟೆಂದು.
ಒಬ್ಬ ಹೆಂಗಸು ಮೀನನ್ನು ತಿರುವಿ ನೋಡಿದಳು,
ಆಮೇಲೆ ನನ್ನನ್ನು ನೋಡಿದಳು, ಅದೇ ರೀತಿ.
ಆ ಖಾತೆಗೆ ನನ್ನನ್ನು ಮತ್ತೆ ಹಚ್ಚಬೇಡಿ."

ಅಪ್ಪ ಓದಿದ. ಮಡಿಸಿದ. ಬೆನ್ನ ಮೇಲೆ ಎಂದಿನಂತೆ ಬರೆದ:
ಏಸಾ. ಮೂರನೆಯ ಪ್ರತಿ. ಟಪಾಲು ಆರು ಸೆಂಟು.
ಉತ್ತರಿಸಿದ್ದು:
ಅದರ ಮುಂದೆ ಏನೂ ಇಲ್ಲ.

ಇಷ್ಟೇ ಆಗಿದ್ದರೆ ಅಪ್ಪನನ್ನು ದೂರಿ ಮಲಗಬಹುದಿತ್ತು.
ಅದೇ ವಾರದ ಕಿರ್ದಿ ತೆರೆದೆ:
ಮೀನು, ಮೂರನೇ ದರ್ಜೆ, ನಲವತ್ತು ಪೀಪಾಯಿ, ಸುರಿನಾಮಿಗೆ.
ಅಕ್ಷರ ದುಂಡಗಿದೆ.
ಒಂದು ಚಿತ್ತಿಲ್ಲ, ಕಾಟಿಲ್ಲ.
ಇಪ್ಪತ್ತೆರಡು ವರ್ಷ ಈ ಮೀನು ಕೊಟ್ಟ ಲಾಭದಲ್ಲಿ
ನಾನು ಚಹಾ ಕುಡಿದೆ, ಆ ಹನ್ನೊಂದು ಬಟ್ಟಲಲ್ಲಿ.

ಒಲೆ ಉರಿಯುತ್ತಿದೆ. ಸುಡಲೆಂದೇ ಕೂತಿದ್ದೆ.
ಉಪ್ಪು ಕುಡಿದ ಕಾಗದ ಬೇಗ ಹೊತ್ತುವುದೂ ಇಲ್ಲ,
ಹೊಗೆಯಾಡುತ್ತದೆ, ಅಷ್ಟೆ.
ಸುಮ್ಮನೆ ಹೊಸ ಹಾಳೆ ತೆಗೆದು
ನನಗೆ ಬರುವ ಒಂದೇ ಕೆಲಸ ಮಾಡಿದೆ:
ನಾಲ್ಕನೆಯ ಪ್ರತಿ.
ಆ ನಡುಗಿದ ಸಾಲುಗಳನ್ನಷ್ಟೇ.
ಕೈ ಬೇಕೆಂದರೂ ನಡುಗಲಿಲ್ಲ, ದುಂಡಗೇ ಬಂತು.

ವಿಳಾಸದ ಜಾಗದಲ್ಲಿ ಲೇಖನಿ ನಿಂತಿದೆ.
ಆ ಹೆಂಗಸಿಗೆ ಹೆಸರಿದ್ದಿರಬೇಕು; ಅಣ್ಣ ಕೇಳಲಿಲ್ಲ.
ಮೆರಿಮ್ಯಾಕ್ ನದಿಯ ಬಾಯಲ್ಲಿ ಯಾವುದೋ ಹಡಗು
ಇಳಿತಕ್ಕಾಗಿ ಕಾಯುತ್ತಿದೆ, ಗಂಟೆ ಕೇಳಿಸುತ್ತಿದೆ.
ಮೇಣದಬತ್ತಿ ಈಗ ನನ್ನದೇ.
ಬೆರಳುದ್ದ ಉಳಿದಿದೆ.
ಅದಕ್ಕೂ ನಾಳೆ ಏನಾದರೂ ಬರೆದುಕೊಳ್ಳುತ್ತಾರೆ.