ನಾಲ್ಕನೆಯ ಚಪ್ಪಾಳೆ

ಇನ್‌ಫೆಂಟ್ರಿ ರಸ್ತೆಯ ಹಿಂದೊಂದು ಮೋಟಾರು ಶೆಡ್ಡು.
ಕಾರನ್ನು ಹೊರಗೆ ತಳ್ಳಿ ಗೋಡೆ ತುಂಬ ಹಾಸಿಗೆ ಕಟ್ಟಿದ್ದರು,
ಹೋದ ದನಿ ವಾಪಸು ಬರಬಾರದಂತೆ.
ಹಾಸಿಗೆ ಹೊಲಿದವನು ನಮ್ಮಪ್ಪ, ಪಿಂಜಾರ ಮೌಲಪ್ಪ.
ಸೂಜಿಗೆ ದಾರ ಪೋಣಿಸುವವಳು ನಾನು, ಹುಸೇನಮ್ಮ.
ಅರವತ್ತಾರನೇ ಇಸವಿ. ನನಗೆ ಒಂಬತ್ತು.

ಹಾಡಿದವಳು ಕಾಕ್ಸ್‌ಟೌನಿನ ಯೂನಿಸ್.
ಹಗಲೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಊರವರ ಮಾತನ್ನು ಊರವರ ಕಿವಿಗೆ ಚುಚ್ಚಿ ಚುಚ್ಚಿ
ಸಂಜೆಗೆ ಅವಳ ಬೆರಳಲ್ಲಿ ತಾಮ್ರದ ವಾಸನೆ.
ಗಿಟಾರಿನವನು ಅಪ್ಪನ ಬಿಲ್ಲನ್ನು ಮೀಟಿ,
ಟಂವ್,
ಆ ಸ್ವರವನ್ನು ತನ್ನ ತಂತಿಯಲ್ಲಿ ಹುಡುಕುತ್ತ ಕೂತ.

ಹಾಡು ಏನು ದೊಡ್ಡದಲ್ಲ.
ಕಂಟೋನ್ಮೆಂಟ್ ಸ್ಟೇಷನ್ನಿನ ಗಡಿಯಾರ ಐದು ನಿಮಿಷ ಹಿಂದೆ,
ಅದಕ್ಕೇ ನೀನು ತಡವಾಗಿ ಬಂದಿಲ್ಲ, ಬಾ,
ಅನ್ನುತ್ತಾಳೆ ಒಬ್ಬ ಹುಡುಗಿ.
ಎರಡೂವರೆ ನಿಮಿಷ.

ಯೂನಿಸಳ ಕನ್ನಡದಲ್ಲಿ ಳಕಾರ ಇರಲಿಲ್ಲ.
‘ಹೇಳು’ ಅನ್ನಲು ಹೋಗಿ ಅವಳು ಅಂದದ್ದಕ್ಕೆ
ಅಪ್ಪ ಹಾಸಿಗೆಯೊಳಗೆ ಮುಖ ಹುದುಗಿಸಿ ನಕ್ಕ.
ಹಾಡು ಬರೆದ ಗುಮಾಸ್ತರು ಸಿಗರೇಟು ಪ್ಯಾಕಿನ ಮೇಲೆ ಗೀಚಿ
‘ಅನ್ನು’ ಮಾಡಿಕೊಟ್ಟರು.

ಚಪ್ಪಾಳೆಗೆ ಜನ ಸಾಲದೆ ನನ್ನನ್ನೂ ನಿಲ್ಲಿಸಿದರು.
ಹನ್ನೊಂದನೇ ಸಲ. ಎರಡನೇ ಚರಣ ಮುಗಿದು
ಒಂದು, ಎರಡು, ಮೂರು,
ಹೆಬ್ಬೆರಳಿಗೆ ದಾರ ಸುತ್ತಿತ್ತು.
ಬಿಡಿಸಿಕೊಂಡು ಹೊಡೆಯುವಷ್ಟರಲ್ಲಿ ಎಲ್ಲರದೂ ಆಗಿತ್ತು.
ನನ್ನದೊಂದೇ, ಸಣ್ಣದು, ಆಮೇಲೆ.
ಟೇಪು ಮುಗಿದಿತ್ತು, ದುಡ್ಡೂ.
ಇರಲಿ ಬಿಡಿ ಅಂದರು.

ಮೂರು ವರ್ಷಕ್ಕೆ ಚಾಮರಾಜಪೇಟೆಯ ಪಂಕಜಾಕ್ಷಿ
ಅದನ್ನೇ ಮೋಹನದಲ್ಲಿ ಕೂರಿಸಿ ಹಾಡಿದರು,
‘ಅನ್ನು’ ತೆಗೆದು ‘ಅರುಹು’ ಹಾಕಿ,
ರೈಲು ಬಂದರೂ ಹುಡುಗಿಗೆ ಅವಸರವಿಲ್ಲದ ಹಾಗೆ.
ಎರಡನೇ ಚರಣದಾಚೆ ತಬಲದವನು
ನಾಲ್ಕನೇ ಪೆಟ್ಟು ತಡೆದು, ಆಮೇಲೆ ಕೊಟ್ಟ.
ಹೋಟೆಲಿನ ರೇಡಿಯೋದಲ್ಲಿ ಅದು ಕೇಳಿ
ನಾನು ಟೀ ಲೋಟ ಕೈಬಿಟ್ಟೆ.

ಶಿವಾಜಿನಗರದ ಬ್ಯಾಂಡಿನವರಿಗೆ ಮಾತೇ ಬೇಡ.
ಕ್ಲಾರಿನೆಟ್ಟೇ ಹುಡುಗಿ, ದೊಡ್ಡ ಡೋಲೇ ಗಡಿಯಾರ.
ಅವರೂ ಒಂದು ತಟ್ಟೆ ಒತ್ತಿಸಿದ್ದರು, ನೂರೇ ಪ್ರತಿ.
ಮೆರವಣಿಗೆಯಲ್ಲಿ ಆ ಜಾಗ ಬಂದಾಗ
ಮದುಮಗನ ಕುದುರೆ ಒಂದು ಕಾಲೆತ್ತಿಕೊಂಡು ಕಾಯುತ್ತಿತ್ತು,
ಡೋಲು ಬಿದ್ದ ಮೇಲೇ ಇಡುತ್ತಿತ್ತು.
ನನ್ನ ಮದುವೆಯಲ್ಲೂ.
ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಕ್ಯಾಸೆಟ್ಟು. ಗಾಂಧಿನಗರದ ಯಾರೋ ರೇಣುಕಾಪ್ರಸಾದ,
ದನಿಗೆಲ್ಲ ಬಾವಿಯ ಪ್ರತಿಧ್ವನಿ,
ಕಂಟೋನ್ಮೆಂಟ್ ಹೋಗಿ ಮೆಜೆಸ್ಟಿಕ್ಕಾಗಿತ್ತು,
ಹುಡುಗಿ ಹೋಗಿ ಹುಡುಗನಾಗಿದ್ದ.
ಚಪ್ಪಾಳೆ ಹೊಡೆದದ್ದು ಮೆಷೀನು.
ಮೆಷೀನಿಗೆ ಎಲ್ಲಿಯ ದಾರ, ಎಲ್ಲಿಯ ಹೆಬ್ಬೆರಳು?
ಆದರೂ ನಾಲ್ಕನೆಯದು ತಡ.
ಯಾರೋ ಕೂತು, ಎಣಿಸಿ, ಅದಕ್ಕೆ ತಪ್ಪು ಕಲಿಸಿದ್ದರು.

ಹೋದ ಭಾನುವಾರ ಬಜಾರಿನಲ್ಲಿ ಒಬ್ಬ ಹುಡುಗ,
ಕೈಯಲ್ಲಿ ಯೂನಿಸಳ ತಟ್ಟೆ, ಮೂಲೆ ಇಲಿ ಕಡಿದದ್ದು,
ವ್ಯಾಪಾರಿಗೆ ಆ ಚಪ್ಪಾಳೆಯನ್ನು ಹಿಂಜಿ ಹಿಂಜಿ ವಿವರಿಸುತ್ತಿದ್ದ:
ಎಂಥಾ ತಲೆ ನೋಡಿ, ಕೈಯನ್ನೂ ಗಡಿಯಾರದ ಹಾಗೆ
ಹಿಂದೆ ಬೀಳಿಸಿದ್ದಾರೆ.
ನನಗೆ ನಗು ಬಂತು.
ಹಿಂಜುವುದು ನಮ್ಮ ಕಸುಬು, ಮಗಾ.
ಬಾಯಿ ತೆರೆದೆ. ಅಷ್ಟರಲ್ಲಿ ಅವನು
ಆರುನೂರು ಕೊಟ್ಟು ಜನರೊಳಗೆ ಹೋಗಿಬಿಟ್ಟಿದ್ದ.
ಅದೂ ತಡವೇ.

ತಟ್ಟೆಯ ಮೇಲೆ ಅವಳ ಹೆಸರಿದೆ,
ಗುಮಾಸ್ತರದು ಇದೆ, ಕಾಗುಣಿತ ತಪ್ಪಿ.
ಅಪ್ಪನದು ಇಲ್ಲ.
ಮರುದಿನವೇ ಹಾಸಿಗೆಗಳನ್ನು ಗೋಡೆಯಿಂದ ಇಳಿಸಿ
ಕೈಗಾಡಿಯಲ್ಲಿ ಹೇರಿಕೊಂಡು ಮಾರಿಬಂದಿದ್ದ,
ಬೆನ್ಸನ್‌ಟೌನಿಗೆ ಎರಡು, ಟ್ಯಾನರಿ ರಸ್ತೆಗೆ ಮೂರು.
ಹನ್ನೊಂದು ಸಲ ಹಾಡು ಕುಡಿದ ಹತ್ತಿ.
ಅದರ ಮೇಲೆ ಯಾರು ಮಲಗಿದರೋ,
ರಾತ್ರಿ ಮಗ್ಗುಲಾದಾಗ
ಅವರಿಗೆ ಏನಾದರೂ ಕೇಳಿಸಿತೋ.